ಶಿಸ್ತಿಲ್ಲದವರಿಗೆ ಸಹಿ ಹಾಕಿದವರು ಯಾರು?

ಬಿ.ಎಡ್. ಟ್ರೈನಿಗಳ ಬಗ್ಗೆ ಹೈಸ್ಕೂಲಿನ ಸ್ಟಾಫ್ ರೂಮುಗಳಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಕನ್ನಡ ಮೇಷ್ಟ್ರಿಗೂ ವಿಜ್ಞಾನದ ಮೇಡಮ್ಮಿಗೂ ಬೇರೆ ಯಾವ ವಿಷಯದಲ್ಲಿ ಹೊಂದಿಬರದಿದ್ದರೂ ಇದೊಂದರಲ್ಲಿ ಒಮ್ಮತ: ಈಗ ಬರುವವರಿಗೆ ಶಿಸ್ತಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಗೇಟು ತಳ್ಳಿಕೊಂಡು ಬರುತ್ತಾರೆ. ಪಾಠ ಯೋಜನೆ ಕೇಳಿದರೆ ‘ರೂಮಲ್ಲಿದೆ ಸರ್’ ಅನ್ನುತ್ತಾರೆ. ತರಗತಿಯ ಬಾಗಿಲಲ್ಲೇ ನಿಂತು ಮೊಬೈಲ್ ನೋಡುತ್ತಾರೆ. ಮುಖ್ಯ ಶಿಕ್ಷಕರು ಒಳಗೆ ಬಂದರೆ ಎದ್ದು ನಿಲ್ಲುವುದಿಲ್ಲ. ಮಕ್ಕಳ ಜೊತೆ ಸೆಲ್ಫಿ ತೆಗೆದು ಸ್ಟೇಟಸ್‌ಗೆ ಹಾಕುತ್ತಾರೆ. ಹೀಗೆ ಹೇಳುತ್ತ ಹೋಗಿ ಮಾತು ಕೊನೆಗೆ ‘ನಮ್ಮ ಕಾಲದಲ್ಲಿ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಬೆಲ್ಲೂ ಹೊಡೆಯುತ್ತದೆ.

ಈ ದೂರು ಸುಳ್ಳೆಂದು ನಾನು ಹೇಳುವುದಿಲ್ಲ. ನನ್ನ ಗಣಿತದ ತರಗತಿಗಳನ್ನು ವರ್ಷ ವರ್ಷವೂ ಟ್ರೈನಿಗಳ ಕೈಗೆ ಒಪ್ಪಿಸುತ್ತ ಬಂದವನಿಗೆ ಅದರೊಳಗಿನ ಸಿಟ್ಟು ಚೆನ್ನಾಗಿ ಗೊತ್ತು. ನನ್ನ ತಕರಾರು ಬೇರೆ. ನಾವು ಸಿಟ್ಟಾಗುವ ಸಂಗತಿಗಳಲ್ಲಿ ಅರ್ಧಕ್ಕರ್ಧ ಮಕ್ಕಳ ಕಲಿಕೆಗೆ ಸಂಬಂಧವೇ ಇಲ್ಲದವು. ಇನ್ನು, ನಿಜವಾಗಿ ಸಿಟ್ಟಾಗಬೇಕಾದ ಸಂಗತಿಗಳ ಮೇಲೆ ಸಿಟ್ಟಾದರೂ, ಅವರು ಶಾಲೆಯಲ್ಲಿರುವ ಇಪ್ಪತ್ತು ವಾರವೂ ಗೊಣಗಿ ಕೊನೆಗೆ ಅದೇ ಕೈಯಲ್ಲಿ ‘ತೃಪ್ತಿಕರ’ ಎಂದು ಬರೆದು ಸಹಿ ಹಾಕುತ್ತೇವೆ.

ಇಬ್ಬರು ಟ್ರೈನಿಗಳ ಬಗ್ಗೆ ಹೇಳುತ್ತೇನೆ. ಊರು, ಕಾಲೇಜು ಬೇಡ.

ಒಬ್ಬ ಹುಡುಗ. ಒಂಬತ್ತನೇ ‘ಬಿ’ ಸೆಕ್ಷನ್‌ಗೆ ತ್ರಿಭುಜಗಳ ಅಧ್ಯಾಯ ಅವನದು. ಬಾ.ಕೋ.ಬಾ. ಸರ್ವಸಮತೆಯವರೆಗೆ ಬಂದಿದ್ದ, ಪರವಾಗಿಲ್ಲ ಅನ್ನುವಂತೆಯೇ ಮಾಡುತ್ತಿದ್ದ. ಆಮೇಲೆ ತಪ್ಪಿಸಿಕೊಳ್ಳಲು ಶುರು ಮಾಡಿದ. ಮೊದಲು ಬಸ್ಸು ತಪ್ಪಿತು, ಆಮೇಲೆ ಜ್ವರ ಬಂತು, ಆಮೇಲೆ ಕಾರಣವನ್ನೂ ಹೇಳಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ಕಾಲೇಜಿನ ಫೀಸು ಕಟ್ಟಲಿಕ್ಕೆ ರಾತ್ರಿ ಪಾಳಿ ಪೆಟ್ರೋಲ್ ಬಂಕಿನಲ್ಲಿ ಕೆಲಸ. ಅವನ ಪೀರಿಯಡ್ಡನ್ನು ಮಧ್ಯಾಹ್ನಕ್ಕೆ ಬದಲಾಯಿಸಿ ಕೊಟ್ಟೆ. ‘ನೋಡಪ್ಪ, ಬರಲಿಕ್ಕೆ ಆಗದಿದ್ದರೆ ಬೆಳಿಗ್ಗೆ ಒಂದು ಫೋನ್ ಮಾಡು, ನಾನು ಹೋಗಿ ಕ್ಲಾಸು ತಗೊಳ್ತೀನಿ’ ಅಂದೆ. ಒಂದು ವಾರ ಬಂದ. ಮತ್ತೆ ಅದೇ ಕಥೆ. ಫೋನೂ ಇಲ್ಲ. ‘ಬಿ’ ಸೆಕ್ಷನ್ನಿನ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು, ಯಾರೂ ಬರದ ಬಾಗಿಲು ನೋಡುತ್ತ ಕೂತಿದ್ದನ್ನು ಕಂಡಾಗ ಅವನ ಬಡತನದ ಬಗೆಗಿನ ಕನಿಕರ ನನ್ನಲ್ಲಿ ಉಳಿಯಲಿಲ್ಲ. ರಾತ್ರಿ ದುಡಿಯುವವನು ಸುಸ್ತಾಗುತ್ತಾನೆ, ಒಪ್ಪಿದೆ. ನಲವತ್ತು ಮಕ್ಕಳನ್ನು ಹೇಳದೆ ಕೇಳದೆ ಬಿಟ್ಟುಹೋಗುವುದಕ್ಕೆ ಸುಸ್ತು ಕಾರಣವಾಗುವುದಿಲ್ಲ.

ಇನ್ನೊಬ್ಬಳು ಹುಡುಗಿ. ಇಡೀ ಸ್ಟಾಫ್ ರೂಮು ಮೆಚ್ಚಿದ ಟ್ರೈನಿ. ಇಸ್ತ್ರಿ ಮಾಡಿದ ಸೀರೆ, ಪ್ರಾರ್ಥನೆಗೆ ಮೊದಲೇ ಹಾಜರು, ಎಲ್ಲರಿಗೂ ನಮಸ್ಕಾರ. ಪಾಠ ಯೋಜನೆಯ ಪುಸ್ತಕಕ್ಕೆ ಬೈಂಡು, ಶೀರ್ಷಿಕೆಗಳೆಲ್ಲ ಹಸಿರು ಸ್ಕೆಚ್ ಪೆನ್ನಿನಲ್ಲಿ. ಎಂಟನೇ ತರಗತಿಗೆ ಒಂದು ಚರಾಕ್ಷರದ ಸಮೀಕರಣಗಳ ಪಾಠ. ನಾನು ಕೊನೆಯ ಬೆಂಚಿನಲ್ಲಿದ್ದೆ. ಅವಳ ಕಾಲೇಜಿನ ಉಪನ್ಯಾಸಕರೂ ಅವತ್ತು ವೀಕ್ಷಣೆಗೆ ಬಂದಿದ್ದರು. ಥರ್ಮಾಕೋಲಿನ ತಕ್ಕಡಿಯೊಂದನ್ನು ಮಾಡಿ ತಂದಿದ್ದಳು. ಬಹಳ ಚೆನ್ನಾಗಿತ್ತು. ಮೇಜಿನ ಮೇಲಿಟ್ಟಳು, ಮಕ್ಕಳು ‘ಹಾ’ ಅಂದರು. ಆಮೇಲೆ ಆ ತಕ್ಕಡಿಯನ್ನು ಮುಟ್ಟಲೇ ಇಲ್ಲ.

ಬೋರ್ಡಿನ ಮೇಲೆ x + 5 = 12 ಬರೆದು, ಐದನ್ನು ಆಚೆಗೆ ಪಕ್ಷಾಂತರಿಸಿದರೆ ಚಿಹ್ನೆ ಬದಲಾಗುತ್ತದೆ, ಆದ್ದರಿಂದ x = 7 ಎಂದಳು. ಎರಡನೇ ಸಾಲಿನ ಹುಡುಗಿ ಎದ್ದು ‘ಮಿಸ್, ಆಚೆ ಹೋದ ತಕ್ಷಣ ಪ್ಲಸ್ಸು ಯಾಕೆ ಮೈನಸ್ ಆಗುತ್ತೆ?’ ಎಂದು ಕೇಳಿದಳು. ಇಡೀ ಅಧ್ಯಾಯದಲ್ಲಿ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಅದು, ಉತ್ತರ ಮೇಜಿನ ಮೇಲೆ ತಕ್ಕಡಿಯ ರೂಪದಲ್ಲೇ ಕೂತಿತ್ತು. ಎರಡೂ ತಟ್ಟೆಯಿಂದ ಐದೈದು ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ‘ಅದು ರೂಲ್, ನೆನಪಿಟ್ಕೊ’ ಎಂದು ಅವಳನ್ನು ಕೂರಿಸಿದಳು. ಮುಂದಿನ ಲೆಕ್ಕ 3x = 12. ನನ್ನ ಮುಂದಿನ ಬೆಂಚಿನ ಮೂವರ ನೋಟ್‌ಬುಕ್ಕಿನಲ್ಲೂ x = 12 – 3, ಆದ್ದರಿಂದ x = 9. ಮಕ್ಕಳದ್ದೇನೂ ತಪ್ಪಿಲ್ಲ, ಕಲಿಸಿದ ರೂಲನ್ನು ಅಕ್ಷರಶಃ ಪಾಲಿಸಿದ್ದರು. ಅವಳು ಸಾಲುಗಳ ನಡುವೆ ನಡೆದು ಹೋದಳು, ಆ ಒಂಬತ್ತುಗಳ ಮೇಲೆಯೇ ಕಣ್ಣಾಡಿಸಿ ‘ಗುಡ್, ಗುಡ್’ ಎಂದಳು, ಗೃಹಪಾಠ ಕೊಟ್ಟಳು, ಸರಿಯಾಗಿ ನಲವತ್ತು ನಿಮಿಷಕ್ಕೆ ಪಾಠ ಮುಗಿಸಿದಳು. ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ ಪಾಠ, ಬೋಧನೋಪಕರಣ ಶ್ಲಾಘನೀಯ’ ಎಂದು ಬರೆದರು.

ಆಮೇಲೆ ಕರೆದು, ‘ಏನಮ್ಮ, ಆ ಒಂಬತ್ತು ಎಲ್ಲಿಂದ ಬಂತು?’ ಎಂದು ಕೇಳಿದೆ. ‘ಸರ್, ಮೌಲ್ಯಮಾಪನಕ್ಕೆ ಪ್ಲಾನಲ್ಲಿ ಐದೇ ನಿಮಿಷ ಇತ್ತು’ ಎಂದಳು. ಅವಳ ಮುಖದಲ್ಲಿ ಅಳುಕಿರಲಿಲ್ಲ. ಯಾಕಿರಬೇಕು? ಅವಳನ್ನು ಅಳೆಯುವ ನಮೂನೆಯಲ್ಲಿ ಉಡುಪಿಗೆ ಅಂಕವಿತ್ತು, ಧ್ವನಿಗೆ ಇತ್ತು, ಕಪ್ಪು ಹಲಗೆಯ ಕೆಲಸಕ್ಕೆ, ಚಾರ್ಟಿಗೆ, ಸಮಯ ಪಾಲನೆಗೆ ಇತ್ತು. ಮಕ್ಕಳ ನೋಟ್‌ಬುಕ್ಕಿನಲ್ಲಿ ಏನು ಬಿತ್ತು ಎಂಬುದಕ್ಕೆ ಒಂದು ಕಾಲಮ್ಮೂ ಇರಲಿಲ್ಲ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಒಬ್ಬರ ಪಾಠವನ್ನು ಇನ್ನೊಬ್ಬರು ಕೂತು ನೋಡುವ ಪದ್ಧತಿಯೊಂದಿದೆ, ಜುಗ್ಯೋ ಕೆಂಕ್ಯೂ ಎಂದು. ಅಲ್ಲಿ ವೀಕ್ಷಕರು ಮುಖ್ಯವಾಗಿ ಬರೆದುಕೊಳ್ಳುವುದು ಮಕ್ಕಳು ಏನು ಮಾಡಿದರು, ಎಲ್ಲಿ ಸಿಕ್ಕಿಹಾಕಿಕೊಂಡರು ಎಂಬುದನ್ನು. ನಮ್ಮಲ್ಲಿ ಹಿಂದಿನ ಬೆಂಚಿನಲ್ಲಿ ಕೂತವರ ಕಣ್ಣು ಟ್ರೈನಿಯ ಸೆರಗಿನ ಪಿನ್ನಿನಿಂದ ಕೆಳಗಿಳಿಯುವುದೇ ಇಲ್ಲ.

ಈ ಇಬ್ಬರಲ್ಲಿ ಯಾರು ವೃತ್ತಿಗೆ ಅಪಚಾರ ಮಾಡಿದವರು ಎಂದು ಕೇಳಿದರೆ ಸ್ಟಾಫ್ ರೂಮು ಹುಡುಗನ ಕಡೆ ಬೆರಳು ತೋರಿಸುತ್ತದೆ. ಇಬ್ಬರೂ ಎಂಬುದು ನನ್ನ ಉತ್ತರ. ಇನ್ನೂ ಒತ್ತಾಯಿಸಿದರೆ, ಹುಡುಗಿಯದೇ ಹೆಚ್ಚು ಎನ್ನುತ್ತೇನೆ. ಹುಡುಗ ಬಾರದ ಪೀರಿಯಡ್ಡು ಎಲ್ಲರ ಕಣ್ಣಿಗೂ ಬೀಳುತ್ತದೆ, ಇನ್ನೊಬ್ಬರು ಹೋಗಿ ಆ ಪಾಠ ಮಾಡಬಹುದು. ಕಲಿಸಿದ್ದೇ ತಪ್ಪಾದಾಗ ಅದು ಯಾರ ಕಣ್ಣಿಗೂ ಬೀಳದೆ ಹತ್ತನೇ ತರಗತಿಯವರೆಗೆ ಹೋಗುತ್ತದೆ. ಅಲ್ಲಿ ವರ್ಗ ಸಮೀಕರಣ ಬಿಡಿಸಲಾಗದ ಮಗುವನ್ನು ನಾವೇ ‘ಬೇಸಿಕ್ಸ್ ಇಲ್ಲ’ ಎಂದು ಬೈಯುತ್ತೇವೆ. ನಾವು ವೃತ್ತಿಪರತೆ ಎಂದು ಅಂಕ ಕೊಡುತ್ತಿರುವುದು ಬಹುಪಾಲು ವಿನಯಕ್ಕೆ. ವಿನಯ ಒಳ್ಳೆಯದೇ. ಅದರಿಂದ ಸಮೀಕರಣ ಬಿಡಿಸಲು ಬರುವುದಿಲ್ಲ.

‘ನಮ್ಮ ಕಾಲದಲ್ಲಿ’ ಎಂಬ ಮಾತಿಗೂ ಒಂದಿಷ್ಟು ಬಿಸಿ ಮುಟ್ಟಿಸಬೇಕು. ನಮ್ಮ ಕಾಲದ ಬಿ.ಎಡ್. ಒಂದು ವರ್ಷದ್ದು. ಅದರಲ್ಲಿ ಶಾಲೆಗೆ ಹೋಗುವುದೆಂದರೆ ಎಣಿಸಿಟ್ಟ ಅಭ್ಯಾಸ ಪಾಠಗಳನ್ನು ಮುಗಿಸಿ ಬರುವುದು. ಸೀನಿಯರುಗಳ ರೆಕಾರ್ಡು ನೋಡಿ ರೆಕಾರ್ಡು ಬರೆಯುತ್ತಿದ್ದವರು, ಚಾರ್ಟು ಬೇರೆಯವರಿಂದ ಬರೆಸಿ ತರುತ್ತಿದ್ದವರು ಆಗಲೂ ಬೇಕಾದಷ್ಟಿದ್ದರು. ಬಿಡಿಬಿಡಿ ಪಾಠಗಳ ಲೆಕ್ಕ ಒಪ್ಪಿಸಿದರೆ ಮೇಷ್ಟ್ರಾಗುತ್ತಾರೆ ಎಂಬ ಈ ನಂಬಿಕೆಯನ್ನೇ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2009ರ ತನ್ನ ಪಠ್ಯಕ್ರಮ ಚೌಕಟ್ಟಿನಲ್ಲಿ ಟೀಕಿಸಿತು. ಶಿಕ್ಷಕರ ತರಬೇತಿ ಕಾಲೇಜು ಶಾಲೆಯಿಂದ ದೂರ ಉಳಿದಿದೆ, ಆ ಅಂತರ ಹೋಗಬೇಕು ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ನಮ್ಮ ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ರೀಜನಲ್ ಕಾಲೇಜ್ ಆಫ್ ಎಜುಕೇಶನ್, ಈಗಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ತನ್ನ ನಾಲ್ಕು ವರ್ಷದ ಕೋರ್ಸಿನ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್ಪಿಗಾಗಿ ಶಾಲೆಗಳಿಗೆ ಕಳಿಸುತ್ತಿತ್ತು. ಹಾಗಾಗಿ ಈ ವಿಚಾರ ಹೊಸದಲ್ಲ. ಎಲ್ಲ ಬಿ.ಎಡ್. ಕಾಲೇಜುಗಳಿಗೂ ಅದು ಕಡ್ಡಾಯವಾದದ್ದು ಎನ್‌ಸಿಟಿಇಯ 2014ರ ನಿಯಮಾವಳಿಯಿಂದ: ಕೋರ್ಸು ಎರಡು ವರ್ಷ, ಅದರಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ. ಕಾಲೇಜಿನ ತರಗತಿಗಳಿಗೆ ಶೇ. 80 ಹಾಜರಾತಿ ಸಾಕು, ಶಾಲೆಯ ಇಂಟರ್ನ್‌ಶಿಪ್ಪಿಗೆ ಶೇ. 90 ಬೇಕು. ನಿಯಮ ಬರೆದವರಿಗೆ ಯಾವುದು ಮುಖ್ಯ ಎಂಬುದು ಈ ಎರಡು ಅಂಕಿಯಲ್ಲೇ ಇದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಶಾಲಾ ಶಿಕ್ಷಕರ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಮಾತನ್ನು ಎತ್ತಿದ. ಬೇರೆ ವೃತ್ತಿಗೆ ಬರುವವರು ಆ ವೃತ್ತಿಯನ್ನು ದೂರದಿಂದ ನೋಡಿರುತ್ತಾರೆ. ಶಿಕ್ಷಕನಾಗುವವನು ವರ್ಷಗಟ್ಟಲೆ ಬೆಂಚಿನ ಮೇಲೆ ಕೂತು ಶಿಕ್ಷಕರನ್ನೇ ನೋಡುತ್ತ ಬೆಳೆದಿರುತ್ತಾನೆ, ಹಾಗಾಗಿ ತರಬೇತಿಗೆ ಸೇರುವ ಹೊತ್ತಿಗೆ ಅರ್ಧ ಕಲಿತೇ ಬಂದಿರುತ್ತಾನೆ. ಈ ಮಾತು ಓದಿದ ಮೇಲೆ ಟ್ರೈನಿ ಬಾಗಿಲಲ್ಲಿ ಮೊಬೈಲ್ ನೋಡುತ್ತಾನೆಂದು ದೂರುವುದು ನನಗೆ ಕಷ್ಟವಾಗಿದೆ. ‘ಅದು ರೂಲ್, ನೆನಪಿಟ್ಕೊ’ ಎಂಬುದನ್ನು ಆ ಹುಡುಗಿ ಬಿ.ಎಡ್. ಕಾಲೇಜಿನಲ್ಲಿ ಕಲಿತಳೇ? ಎಂಟನೇ ತರಗತಿಯಲ್ಲಿ ಅವಳೂ ಯಾರನ್ನೋ ‘ಯಾಕೆ’ ಎಂದು ಕೇಳಿರಬೇಕು.

ಇಲ್ಲಿಗೆ ಬರುವಷ್ಟರಲ್ಲಿ ಇನ್ನೊಂದು ಜನಪ್ರಿಯ ಅಭಿಪ್ರಾಯ ಎದುರಾಗುತ್ತದೆ. ಸ್ವಲ್ಪ ಓದಿಕೊಂಡವರು, ಸೆಮಿನಾರುಗಳಿಗೆ ಹೋಗುವವರು ಆಡುವ ಮಾತು: ಹುಡುಗರದ್ದೇನೂ ತಪ್ಪಿಲ್ಲ, ವ್ಯವಸ್ಥೆಯೇ ಕೆಟ್ಟಿದೆ. ಕೆಟ್ಟಿದೆ, ಹೌದು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಕೊಟ್ಟ ವರದಿಯನ್ನು ಉಲ್ಲೇಖಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಬರೆದಿದೆ: ದೇಶದಲ್ಲಿ ಪ್ರತ್ಯೇಕವಾಗಿ ನಡೆಯುವ ಹತ್ತು ಸಾವಿರಕ್ಕೂ ಹೆಚ್ಚು ಶಿಕ್ಷಕ ಶಿಕ್ಷಣ ಸಂಸ್ಥೆಗಳಲ್ಲಿ ಬಹುಪಾಲು ಗಂಭೀರವಾಗಿ ಶಿಕ್ಷಣ ಕೊಡುವ ಪ್ರಯತ್ನವನ್ನೂ ಮಾಡದೆ ದುಡ್ಡಿಗೆ ಪದವಿ ಮಾರುತ್ತಿವೆ ಎಂದು. ಸರ್ಕಾರದ ನೀತಿಯೇ ಇಷ್ಟು ಬಿಚ್ಚಿ ಹೇಳಿದ ಮೇಲೆ ನಾನು ಸೇರಿಸುವುದು ಏನೂ ಇಲ್ಲ. ಆದರೆ ಪದವಿ ಮಾರುವ ಕಾಲೇಜಿಗೂ 20 ವಾರದ ಪ್ರಮಾಣಪತ್ರಕ್ಕೆ ಒಂದು ಶಾಲೆಯ ಸೀಲು ಬೇಕು. ಅದು ಕಾಲೇಜಿನ ಬೀರುವಿನಲ್ಲಿ ಇಲ್ಲ, ನಮ್ಮ ಮುಖ್ಯ ಶಿಕ್ಷಕರ ಮೇಜಿನ ಡ್ರಾಯರಿನಲ್ಲಿದೆ. ಶನಿವಾರ ಮಧ್ಯಾಹ್ನ ಬಂದು ಇಡೀ ವಾರದ ಹಾಜರಾತಿಗೆ ಒಟ್ಟಿಗೆ ಸಹಿ ಮಾಡಿ ಹೋಗುವ ಟ್ರೈನಿಗೆ ಪುಸ್ತಕ ತೆಗೆದುಕೊಡುವ ಕೈ ವ್ಯವಸ್ಥೆಯದಲ್ಲ, ನಮ್ಮಲ್ಲೊಬ್ಬರದು.

ಯಾಕೆ ಕೊಡುತ್ತೇವೆ? ಕೇಳಿದರೆ ಬರುವ ಉತ್ತರಗಳು ಹೆಚ್ಚಿಲ್ಲ. ‘ಪಾಪ, ಮದುವೆಯಾಗಿರೋ ಹೆಣ್ಣುಮಗಳು, ಕೂಸು ಬೇರೆ ಇದೆ.’ ‘ನಮ್ಮೂರ ಹುಡುಗ ಕಣ್ರೀ.’ ‘ಯಾರದ್ದೋ ಹೊಟ್ಟೆ ಮೇಲೆ ನಾವ್ಯಾಕೆ ಹೊಡೀಬೇಕು?’ ಇವೆಲ್ಲ ಕರುಣೆಯ ಮಾತಾಗಿಯೇ ಕೇಳುತ್ತವೆ. ಅವುಗಳ ಹಿಂದೆ ಯಾರೂ ಹೊರಗೆ ಹೇಳದ ಲೆಕ್ಕವೊಂದಿದೆ. ಶಾಲೆಯಲ್ಲಿ ಹುದ್ದೆ ಖಾಲಿ ಇದೆ, ಅತಿಥಿ ಶಿಕ್ಷಕರು ಇನ್ನೂ ಬಂದಿಲ್ಲ. ಇರುವ ಮೇಷ್ಟ್ರಿಗೆ ಮಕ್ಕಳ ವಿವರಗಳ ಸ್ಯಾಟ್ಸ್ ಎಂಟ್ರಿ ಇದೆ, ಬಿಸಿಯೂಟದ ಲೆಕ್ಕ ಇದೆ, ಮತದಾರರ ಪಟ್ಟಿಯ ಕೆಲಸ ಇದೆ. ಸಂಬಳ ಕೇಳದ ನಾಲ್ಕು ಜನ ಟ್ರೈನಿಗಳು ಬಂದರೆ ನಾಲ್ಕು ತರಗತಿ ತುಂಬುತ್ತದೆ. ಒಬ್ಬರನ್ನು ಫೇಲು ಮಾಡಿದರೆ ಮುಂದಿನ ವರ್ಷ ಆ ಕಾಲೇಜು ಬೇರೆ ಶಾಲೆ ನೋಡಿಕೊಳ್ಳುತ್ತದೆ. ಟ್ರೈನಿಯನ್ನು ನೋಡಿಕೊಳ್ಳುವ ಮಾರ್ಗದರ್ಶಿ ಶಿಕ್ಷಕನಿಗೆ ಆ ಕೆಲಸಕ್ಕಾಗಿ ಒಂದು ಪೀರಿಯಡ್ ಕಡಿಮೆ ಮಾಡಿದ್ದನ್ನೂ ಒಂದು ರೂಪಾಯಿ ಕೊಟ್ಟಿದ್ದನ್ನೂ ನನಗೆ ಗೊತ್ತಿರುವ ಯಾವ ಶಾಲೆಯಲ್ಲೂ ನಾನು ಕಂಡಿಲ್ಲ. ಆದ್ದರಿಂದ ಅವನು ಟ್ರೈನಿಯನ್ನು ತರಗತಿಗೆ ಬಿಟ್ಟು ತನ್ನ ಫೈಲುಗಳ ಕಡೆ ಹೋಗುತ್ತಾನೆ. ನಾಲ್ಕು ತಿಂಗಳು ಒಂದು ಪಾಠವನ್ನೂ ಪೂರ್ತಿ ನೋಡದವನು ಕೊನೆಗೆ ‘ಇವರಿಗೆ ಪಾಠ ಮಾಡಲಿಕ್ಕೇ ಬರಲ್ಲ’ ಎಂದು ಷರಾ ಬರೆಯುವುದಾದರೂ ಹೇಗೆ? ‘ತೃಪ್ತಿಕರ’ ಎಂದು ಬರೆಯುವುದೇ ಅವನಿಗೂ ಕ್ಷೇಮ.

ಈ ಸಹಿಯ ಬೆಲೆ ಎಷ್ಟು ಎಂಬುದನ್ನು ನಾವು ಎಣಿಸಿಯೇ ಇಲ್ಲ. ಒಬ್ಬ ವ್ಯಕ್ತಿ ಮೇಷ್ಟ್ರಾಗುವ ಹಾದಿಯನ್ನು ನೋಡಿ. ಬಿ.ಎಡ್. ಸಿದ್ಧಾಂತದ ವಿಷಯಗಳಿಗೆ ಬರೆಯುವ ಪರೀಕ್ಷೆ. ಆಮೇಲೆ, ಎಂಟನೇ ತರಗತಿಯವರೆಗಿನ ಹುದ್ದೆಗಳಿಗೆ, ಟಿಇಟಿ: 150 ಬಹು ಆಯ್ಕೆ ಪ್ರಶ್ನೆಗಳು, 150 ಅಂಕ, ಸಾಮಾನ್ಯ ವರ್ಗಕ್ಕೆ ಶೇ. 60 ಬಂದರೆ ಪಾಸು. ಸರ್ಕಾರಿ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಯೂ ಕೂತು ಬರೆಯುವಂಥದ್ದೇ. ಮಕ್ಕಳ ಬೆಳವಣಿಗೆಯ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ಹಂತಗಳು ಎಷ್ಟು ಎಂದು ಈ ಪರೀಕ್ಷೆಗಳಲ್ಲಿ ಯಾರಾದರೂ ಕೇಳಬಹುದು. ‘ಯಾಕೆ ಮೈನಸ್ ಆಗುತ್ತೆ’ ಎಂದು ಕೇಳಿದ ಹುಡುಗಿಯ ಮುಂದೆ ಈತ ಏನು ಮಾಡುತ್ತಾನೆ ಎಂದು ಕಣ್ಣಾರೆ ನೋಡುವ ಅವಕಾಶ ಇಡೀ ಹಾದಿಯಲ್ಲಿ ಇರುವುದು ಈ 20 ವಾರ ಮಾತ್ರ. ಅಲ್ಲಿ ದಾಟಿಹೋದವರನ್ನು ಮುಂದೆ ಯಾರೂ ತಡೆಯುವುದಿಲ್ಲ. ಒಬ್ಬ ಹೈಸ್ಕೂಲ್ ಶಿಕ್ಷಕನ ಕೈಗೆ ವರ್ಷಕ್ಕೆ ಇನ್ನೂರು ಮಕ್ಕಳು ಬರುತ್ತಾರೆಂದು ಹಿಡಿಯಿರಿ. ಅರುವತ್ತಕ್ಕೆ ನಿವೃತ್ತಿ, ಮೂವತ್ತು ವರ್ಷ ಸರ್ವೀಸು. ಆರು ಸಾವಿರ ಮಕ್ಕಳಾದರು. ‘ಯಾರದ್ದೋ ಹೊಟ್ಟೆ ಮೇಲೆ ಹೊಡೀಬಾರದು’ ಎಂಬ ಕರುಣೆಯ ಬಾಕಿ ಕಟ್ಟುವವರು ಇವರು. ಅವರನ್ನು ಯಾರೂ ಕೇಳಿಲ್ಲ.

ಹಾಗಾದರೆ ಫೇಲು ಮಾಡುವ ಅಧಿಕಾರವನ್ನು ಮಾರ್ಗದರ್ಶಿ ಶಿಕ್ಷಕನಿಗೆ ಕೊಟ್ಟುಬಿಡೋಣವೇ? ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ, ಅದನ್ನು ಹಾರಿಸಿಕೊಂಡು ಹೋಗಲಾರೆ. ಟ್ರೈನಿಗಳಿಂದ ಚಹಾ ತರಿಸುವ, ತಮ್ಮ ಉತ್ತರ ಪತ್ರಿಕೆಗಳನ್ನು ತಿದ್ದಿಸುವ, ತಮ್ಮ ಅಂಕಪಟ್ಟಿ ಬರೆಸುವ ಹಿರಿಯರು ನಮ್ಮಲ್ಲಿದ್ದಾರೆ. ಹೆಸರಿನ ಜೊತೆ ಜಾತಿ ತಿಳಿದುಕೊಂಡ ಮೇಲೆಯೇ ಅಭಿಪ್ರಾಯ ಕಟ್ಟಿಕೊಳ್ಳುವವರೂ ಇದ್ದಾರೆ. ನಾಳೆ ಇವರ ಕೈಗೆ ಫೇಲು ಮಾಡುವ ಅಧಿಕಾರ ಬಂದರೆ ಮೊದಲು ಫೇಲಾಗುವವರು ಎದುರು ಮಾತಾಡಿದವರು, ಚಹಾ ತರಲ್ಲ ಎಂದವರು. ಪಾಠ ಬಾರದವರು ನಮಸ್ಕಾರ ಹೊಡೆದು ಪಾಸಾಗುತ್ತಾರೆ.

ಆದ್ದರಿಂದಲೇ ಏನನ್ನು ನೋಡಿ ಸಹಿ ಹಾಕಬೇಕು ಎಂಬ ಪ್ರಶ್ನೆಯನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಟ್ರೈನಿಯ ವಿನಯವನ್ನು ನೋಡಿ ಎಂದಾದರೆ ಆ ಅಧಿಕಾರ ಯಾರಿಗೂ ಬೇಡ. ಮಕ್ಕಳ ನೋಟ್‌ಬುಕ್ ನೋಡಿ ಎಂದಾದರೆ ಅದಕ್ಕೆ ಸಾಕ್ಷಿ ಇರುತ್ತದೆ, ಜಾತಿ ಇರುವುದಿಲ್ಲ. 3x = 12ಕ್ಕೆ ಎಷ್ಟು ಮಕ್ಕಳು ಒಂಬತ್ತು ಬರೆದರು ಎಂಬುದನ್ನು ಯಾರು ಬೇಕಾದರೂ ಎಣಿಸಬಹುದು. ಆ ಟ್ರೈನಿ ಮಾರನೆಯ ದಿನ ಬಂದು ಅದನ್ನು ಸರಿಪಡಿಸಿದಳೇ ಎಂಬುದನ್ನೂ ನೋಡಬಹುದು. ನನಗಂತೂ ಈ ಎರಡನೆಯದೇ ಮುಖ್ಯ. ಮೊದಲ ಪಾಠದಲ್ಲಿ ಎಡವದ ಮೇಷ್ಟ್ರು ಯಾರೂ ಇಲ್ಲ. ಎಡವಿದ್ದನ್ನು ತೋರಿಸಿದ ಮೇಲೂ ಮಕ್ಕಳ ಬಳಿಗೆ ವಾಪಸು ಹೋಗದವರಿಗೆ ಈ ವೃತ್ತಿ ಬೇಡ. ಆ ಹುಡುಗಿ, ಹೇಳಲೇಬೇಕು, ಮರುದಿನ ತಕ್ಕಡಿಯನ್ನು ಮತ್ತೆ ತಂದಳು. ಪೀರಿಯಡ್ಡಿನ ಅರ್ಧ ಭಾಗ ಯೋಜನೆಯ ಪ್ರಕಾರ ನಡೆಯಲಿಲ್ಲ, ಹಸಿರು ಸ್ಕೆಚ್ ಪೆನ್ನಿನ ಪುಸ್ತಕಕ್ಕೆ ಹೊಂದಲೂ ಇಲ್ಲ. ಒಬ್ಬ ಹುಡುಗ ತಾನಾಗಿ ಎದ್ದು ಬಂದು ಮೂರು ಸಮ ಭಾಗ ಮಾಡಿ ತೋರಿಸಿದ. ಆ ಪಾಠವನ್ನು ನೋಡಲಿಕ್ಕೆ ಕಾಲೇಜಿನಿಂದ ಯಾರೂ ಬಂದಿರಲಿಲ್ಲ, ಅದಕ್ಕೆ ಅಂಕವೂ ಇರಲಿಲ್ಲ.

ಹುಡುಗನ ವಿಷಯ: ಅವನು ಬಾರದ ದಿನಗಳ ಮುಂದೆ ನಾನು ಗೈರು ಎಂದು ಬರೆದೆ, ಕಾರಣವನ್ನೂ ಬರೆದೆ. ಶೇ. 90 ಆಗಲಿಲ್ಲ. ಕಾಲೇಜಿನಿಂದ ಫೋನು ಬಂತು, ಆಮೇಲೆ ಪರಿಚಯದವರೊಬ್ಬರು ಬಂದರು. ನಾನು ಒಪ್ಪಲಿಲ್ಲ. ಕೊನೆಗೆ ಹೊಸ ಪುಸ್ತಕವೊಂದರಲ್ಲಿ ಹಾಜರಾತಿ ತುಂಬಿ, ನನ್ನ ಸಹಿ ಇಲ್ಲದೆಯೇ ಶಾಲೆಯ ಸೀಲು ಬಿತ್ತು. ಅವನು ಈಗ ಬಿ.ಎಡ್. ಪದವೀಧರ, ಟಿಇಟಿಗೆ ಓದುತ್ತಿದ್ದಾನೆ ಎಂದು ಕೇಳಿದೆ.

ಹೀಗಿರುವಾಗ ಮಾರ್ಗದರ್ಶಿ ಶಿಕ್ಷಕನ ಷರಾಕ್ಕೆ ಬೆಲೆ ಬರಬೇಕಾದರೆ ಅದು ಮುಖ್ಯ ಶಿಕ್ಷಕರ ಡ್ರಾಯರನ್ನು ದಾಟಿ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಮಕ್ಕಳ ನೋಟ್‌ಬುಕ್ಕಿನ ಪುಟಗಳ ನಕಲು ಅದರ ಜೊತೆಗಿರಬೇಕು, ಟ್ರೈನಿಗೆ ಅದನ್ನು ಓದಿ ಉತ್ತರ ಬರೆಯುವ ಹಕ್ಕಿರಬೇಕು. ಟ್ರೈನಿ ಇರುವ ತಿಂಗಳುಗಳಲ್ಲಿ ಮಾರ್ಗದರ್ಶಿಗೆ ಬೇರೆ ಕೆಲಸ ಹಚ್ಚಬಾರದು. ಇವಕ್ಕೆಲ್ಲ ಆದೇಶ ಬೇಕು, ಆದೇಶ ಬರುವ ಹೊತ್ತಿಗೆ ನಾನು ನಿವೃತ್ತನಾಗಿರುತ್ತೇನೆ. ಆದೇಶ ಬೇಕಿಲ್ಲದ ಕೆಲಸ ಒಂದಿದೆ, ಅದನ್ನು ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ. ಈ ವರ್ಷದ ಟ್ರೈನಿಗಳು ಫಾರಂ ಹಿಡಿದು ನಿಮ್ಮ ಮುಂದೆ ನಿಂತಾಗ, ಅವರು ಪಾಠ ಮಾಡಿದ ತರಗತಿಯಿಂದ ಐದು ಮಕ್ಕಳ ನೋಟ್‌ಬುಕ್ ತರಿಸಿ, ಅವರ ಎದುರಿಗೇ ತೆರೆದು ಓದಿ. ಪೆನ್ನಿನ ಕ್ಯಾಪು ಅಲ್ಲಿಯವರೆಗೆ ಮುಚ್ಚಿರಲಿ.